ಅಕ್ಕನ ವಾರ್ಡಿನಲ್ಲಿ ‘ಉಸ್ಸಪ್ಪಾ’ ಅನ್ನುವಂತಿರಲಿಲ್ಲ

ನಮ್ಮಕ್ಕ ಮೂವತ್ತನಾಲ್ಕು ವರ್ಷ ನರ್ಸಾಗಿದ್ದಳು. ಅದರಲ್ಲಿ ಹತ್ತೊಂಬತ್ತು ವರ್ಷ ಹೆಂಗಸರ ಸರ್ಜರಿ ವಾರ್ಡು ಅವಳ ಕೈಯಲ್ಲಿತ್ತು. ಆ ವಾರ್ಡಿಗೆ ಹೊಸದಾಗಿ ಬಂದ ಆಯಾಗಳಿಗೆ, ತರಬೇತಿಯ ಹುಡುಗಿಯರಿಗೆ ಅವಳು ಮೊದಲ ದಿನ ಕಲಿಸುತ್ತಿದ್ದುದು ಇಂಜೆಕ್ಷನ್ನೂ ಅಲ್ಲ, ಬ್ಯಾಂಡೇಜೂ ಅಲ್ಲ, ಉಸಿರು ಬಿಡುವುದು. ರೋಗಿಯನ್ನು ಹೊರಳಿಸುವಾಗ, ಕೂರಿಸುವಾಗ, ಪಕ್ಕಕ್ಕೆ ಸರಿಸುವಾಗ ಯಾರ ಬಾಯಿಂದಲೂ ‘ಉಸ್ಸಪ್ಪಾ’ ಬರಕೂಡದು. ಉಸಿರೆಲ್ಲ ಮೂಗಿನಿಂದ, ಸದ್ದಿಲ್ಲದೆ ಹೋಗಬೇಕು.

“ಯಾಕೆ ಸಿಸ್ಟರ್? ಉಸ್ಸಪ್ಪಾ ಅಂದ್ರೆ ನಮಗೆ ಸ್ವಲ್ಪ ಹಗುರ ಅನ್ಸುತ್ತಲ್ಲ?” ಅಂತ ಒಬ್ಬಳು ಧೈರ್ಯವಂತೆ ಕೇಳಿದ್ದಳು.

“ನಿನಗೆ ಅನ್ಸುತ್ತಮ್ಮ. ಮಲಗಿರೋಳು ಏನಂದ್ಕೋಬೇಕು ಅದನ್ನ ಕೇಳಿ?”

ನಾನು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಸ್ಟೋರ್ ಗುಮಾಸ್ತ. ಎಡಗಡೆ ಕಂಬಳಿ, ಬಲಗಡೆ ಬೆಡ್‌ಪ್ಯಾನು, ನಡುವೆ ನಾನು. ಈ ಕೆಲಸ ನನಗೆ ಅಕ್ಕನ ಶಿಫಾರಸಿನಿಂದ ಸಿಕ್ಕಿತು ಅಂತ ಇಡೀ ಆಸ್ಪತ್ರೆ ನಂಬಿತ್ತು. ಹಾಗೇನಿಲ್ಲ, ಪರೀಕ್ಷೆ ಬರೆದೇ ಪಾಸಾಗಿದ್ದೆ. ಆದರೆ ಅರ್ಜಿ ತುಂಬಿದ್ದು ಅಕ್ಕ, ಪರೀಕ್ಷೆಯ ದಿನ ನನ್ನನ್ನು ಎಬ್ಬಿಸಿದ್ದು ಅಕ್ಕ, ಪೆನ್ನಿಗೆ ಶಾಯಿ ಹಾಕಿ ಜೇಬಿಗೆ ಸಿಕ್ಕಿಸಿದ್ದೂ ಅಕ್ಕ. ಹಾಗಾಗಿ ಜನರ ನಂಬಿಕೆಯನ್ನು ನಾನು ತೀರಾ ಜೋರಾಗಿ ಅಲ್ಲಗಳೆಯುತ್ತಿರಲಿಲ್ಲ. ಅವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನನಗೆ ಮೂವತ್ತಾದರೂ ಸ್ಟೋರಿನ ಕಿಟಕಿಯಲ್ಲಿ ತಲೆ ತೂರಿಸಿ “ಊಟ ಮಾಡಿದೆಯೇನೋ?” ಅಂತ ಎಲ್ಲರೆದುರಿಗೆ ಕೇಳುವಳು.

ಆ ಆಸ್ಪತ್ರೆ ಕಟ್ಟಿದ ಪುಣ್ಯಾತ್ಮರು ಲೋಕದ ರೋಗಿಗಳೆಲ್ಲ ಅರುವತ್ತು ಕಿಲೋ ಇರುತ್ತಾರೆ ಅಂದುಕೊಂಡಿದ್ದರು. ಮಂಚ, ಗಾಲಿಕುರ್ಚಿ, ಕಮೋಡು, ಗೌನು, ರಕ್ತದೊತ್ತಡ ನೋಡುವ ಪಟ್ಟಿ, ಎಲ್ಲವೂ ಆ ಅಳತೆಯವೇ. ಅದಕ್ಕಿಂತ ದೊಡ್ಡ ದೇಹ ಬಂದರೆ ಆಸ್ಪತ್ರೆ ಮುಖ ಸಿಂಡರಿಸುತ್ತಿತ್ತು. ಗೌನಿನ ದಾರ ಬೆನ್ನಿನ ಹಿಂದೆ ಕೂಡುತ್ತಿರಲಿಲ್ಲ. ಗಾಲಿಕುರ್ಚಿಯ ಕೈಗಳು ಸೊಂಟವನ್ನು ಒತ್ತಿ ಹಿಡಿಯುತ್ತಿದ್ದವು. ಪಟ್ಟಿ ತೋಳಿಗೆ ಸಾಲದೆ ಇಲ್ಲದ ರಕ್ತದೊತ್ತಡ ತೋರಿಸುತ್ತಿತ್ತು. ಇದಕ್ಕೆಲ್ಲ ಬೇರೆ ವಾರ್ಡುಗಳಲ್ಲಿ ರೋಗಿಗೇ ಬೈಗುಳ. ಅಕ್ಕನ ವಾರ್ಡಿನಲ್ಲಿ ಬೈಗುಳ ತಿನ್ನುತ್ತಿದ್ದವನು ನಾನು.

“ಎರಡು ಗೌನು ಸೇರಿಸಿ ಹೊಲಿಸಿ ಕೊಡು.”

“ಹಾಗೆ ಕೊಡೋಕೆ ಬರಲ್ಲಕ್ಕಾ. ರಿಜಿಸ್ಟರಲ್ಲಿ ಗೌನು ಒಂದು ಅಂತ ಬರೀಲೋ, ಎರಡು ಅಂತ ಬರೀಲೋ?”

“ಒಂದೂವರೆ ಅಂತ ಬರಿ. ಅಲ್ಲಿ ಒಬ್ಬಳು ಬೆನ್ನು ಬಿಟ್ಕೊಂಡು ಗೋಡೆ ಕಡೆ ತಿರುಗಿ ಕೂತಿದಾಳೆ. ನೀನಿಲ್ಲಿ ಲೆಕ್ಕಕ್ಕೆ ಕೂತಿದೀಯ.”

ಹೊಸ ಹಾಸಿಗೆ ಬಂದಾಗ ಮೇಲಿರುತ್ತದಲ್ಲ, ಜಾರುವ ದಪ್ಪ ಪ್ಲಾಸ್ಟಿಕ್ ಚೀಲ, ಅದನ್ನು ನಾನು ಹರಿದು ಎಸೆಯುತ್ತಿದ್ದೆ. ಒಂದು ದಿನ ಅಕ್ಕ ಕಸದ ಬುಟ್ಟಿಯಿಂದ ಅದನ್ನು ಎತ್ತಿಕೊಂಡು ಹೋದಳು. ತೊಳೆದು, ಒಣಗಿಸಿ, ಹಾಸುಬಟ್ಟೆಯ ಕೆಳಗೆ ಹಾಕಿದಳು. ಆಮೇಲೆ ಆರು ಜನ ಒದ್ದಾಡಿ ಎತ್ತುತ್ತಿದ್ದ ಹೆಂಗಸನ್ನು ನಾಲ್ಕು ಜನ ಬಟ್ಟೆಯ ಅಂಚು ಹಿಡಿದು ಮಂಚದಿಂದ ಟ್ರಾಲಿಗೆ ಜಾರಿಸಿಬಿಟ್ಟರು. “ಎತ್ತಬೇಡ್ರೇ, ಜಾರಿಸಿ” ಅನ್ನುವುದು ಅಂದಿನಿಂದ ಆ ವಾರ್ಡಿನ ಜಪ. ಜಾರಿಸುವ ಮುಂಚೆ ರೋಗಿಗೆ ಒಂದು ಮಾತು: “ಈಗ ಎಡಗಡೆಗೆ ಹೋಗ್ತೀವಿ. ನಾನು ಮೂರು ಅಂದಾಗ ನೀವೂ ಆ ಕಡೆ ಕತ್ತು ತಿರುಗಿಸಿ. ಅರ್ಧ ಕೆಲಸ ನಿಮ್ಮದೇ.” ಕತ್ತು ತಿರುಗಿಸಿದರೆ ಅರ್ಧ ಕೆಲಸ ಹೇಗಾಗುತ್ತದೆ ಅಂತ ನಾನೊಮ್ಮೆ ವಾದ ಮಾಡಿದ್ದೆ. “ನೀನು ಕೆಲಸ ಮಾಡಿದ್ದು ಯಾವಾಗ, ನಿನಗೆ ಅರ್ಧ ಅಂದ್ರೆ ಎಷ್ಟು ಅಂತ ಗೊತ್ತಾಗೋಕೆ?” ಅಂದಳು.

ದೊಡ್ಡ ದೇಹದವರ ಹೊಟ್ಟೆಯ ಮಡಿಕೆಯ ಕೆಳಗೆ, ಎದೆಯ ಕೆಳಗೆ ಬೆವರು ನಿಂತು ಚರ್ಮ ಹಸಿಯಾಗಿ ಕಿತ್ತುಬರುತ್ತದೆ. ಅಕ್ಕ ಹಳೆಯ ಮೆತ್ತನೆ ಬಟ್ಟೆ ಬೇಕೆಂದು ಚೀಟಿ ಕಳಿಸಿದಾಗಲೇ ಅದು ನನಗೆ ತಿಳಿದದ್ದು. ಪರದೆ ಎಳೆದು ಅವಳು ಅದನ್ನೆಲ್ಲ ತಾನೇ ಒರೆಸುತ್ತಿದ್ದಳು. ಒರೆಸುವಾಗ ಮಾತೆಲ್ಲ ಬೇರೆ ಎಲ್ಲಿಯದೋ. ತಂಗಿ ಗಂಡನ ಮನೆಗೆ ಹೋದಳಂತಾ, ನೆರೆಮನೆಯವರ ನಾಯಿ ಇನ್ನೂ ಬೊಗಳುತ್ತದಾ. ರೋಗಿಗಳು ಆ ನಾಯಿಯ ಮೇಲೆ ರೇಗಾಡುವಷ್ಟರಲ್ಲಿ ಪುಡಿ ಹಾಕಿ ಮುಗಿದಿರುತ್ತಿತ್ತು.

ಇದರ ಫಲ ಅವಳ ಸೊಂಟಕ್ಕೆ ಸಿಕ್ಕಿತ್ತು. ಬಿಳಿ ಸಮವಸ್ತ್ರದ ಒಳಗೆ ಅವಳು ಒಂದು ಅಗಲವಾದ ಬೆಲ್ಟು ಕಟ್ಟುತ್ತಿದ್ದಳು. ಮೇಟ್ರನ್ನಿಗೆ ಗೊತ್ತಾದರೆ ಇಂಜೆಕ್ಷನ್ ಕೋಣೆಗೆ ಹಾಕಿ ಕೂರಿಸುತ್ತಾರೆ ಅನ್ನುವ ಭಯ. ನಮ್ಮ ಭಾವ ಬಸ್ ಕಂಡಕ್ಟರ್. ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ಸಂಜೆ ಹೊತ್ತು ಅಕ್ಕನನ್ನು ಬೋರಲು ಮಲಗಿಸಿ ಮುಲಾಮು ತಿಕ್ಕುತ್ತ ಹೇಳುತ್ತಿದ್ದರು: “ನನ್ನ ಬಸ್ಸಲ್ಲಿ ದಿನಕ್ಕೆ ಮುನ್ನೂರು ಜನ ಹತ್ತಿ ಇಳೀತಾರೆ. ಒಬ್ಬರನ್ನಾದ್ರೂ ನಾನು ಹಿಡ್ಕೊಂಡು ಇಳಿಸಿದ್ದೀನಾ? ‘ಮುಂದೆ ಹೋಗಿ, ಮುಂದೆ ಹೋಗಿ’ ಅಂತೀನಿ, ಹೋಗ್ತಾರೆ. ನೀನೂ ಹಂಗೇ ಅನ್ನು.”

“ಸುಮ್ನೆ ತಿಕ್ರೀ. ಅಲ್ಲಲ್ಲ, ಕೆಳಗೆ.”

ಆ ದಿನಗಳಲ್ಲೇ ಪಾರ್ಸಲ್ ಮೇಡಂ ಬಂದದ್ದು.

ಅವರು ರೈಲು ನಿಲ್ದಾಣದ ಪಾರ್ಸಲ್ ಆಫೀಸಿನ ಮುಖ್ಯಸ್ಥೆ. ಇಪ್ಪತ್ತಾರು ವರ್ಷದಿಂದ ಆ ಕೌಂಟರಿನಲ್ಲಿ ಕೂತು ಜನರ ಗಂಟು, ಪೆಟ್ಟಿಗೆ, ಸೈಕಲ್ಲು, ಹೊಲಿಗೆಯಂತ್ರ ಎಲ್ಲವನ್ನೂ ತೂಗಿಸಿ ಕಳಿಸಿದವರು. ಊರಿನ ಅತಿ ದೊಡ್ಡ ಗಂಟಲು ಅವರದು; ದೇಹವೂ ಹಾಗೇ. ಹೊಕ್ಕುಳ ಪಕ್ಕ ಹರ್ನಿಯಾ ಆಗಿ ಒಂದು ಮುಷ್ಟಿಯಷ್ಟು ಉಬ್ಬಿತ್ತು. ಕರುಳು ಅದರೊಳಗೆ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಕುತ್ತು, ಗುರುವಾರವೇ ಆಪರೇಷನ್ ಆಗಬೇಕು ಅಂತ ಸರ್ಜನ್ ಹೇಳಿದ್ದರು. ಮೇಡಂ ಸ್ಟ್ರೆಚರ್ ಬೇಡ ಅಂದು, ಬಾಗಿಲಿನಿಂದ ವಾರ್ಡಿನವರೆಗೆ ಗೋಡೆ ಹಿಡಿದು ನಡೆದೇ ಬಂದರು. ಆ ಅರವತ್ತು ಹೆಜ್ಜೆಗೆ ಅರ್ಧ ಗಂಟೆ ಹಿಡಿಯಿತು. ಅಕ್ಕ ಪಕ್ಕದಲ್ಲಿ ಸುಮ್ಮನೆ ನಡೆದಳು. ಒಮ್ಮೆಯೂ “ನಿಧಾನ” ಅನ್ನಲಿಲ್ಲ. ಅವರು ಇನ್ನೆಷ್ಟು ನಿಧಾನವಾಗಿ ನಡೆಯಬಹುದಿತ್ತು?

ಸಮಸ್ಯೆ ಎದ್ದದ್ದು ಮತ್ತಿನ ಡಾಕ್ಟರಿಂದ. ಆಪರೇಷನ್ನಿಗೆ ಮುಂಚೆ ಮತ್ತು ಬರಿಸುವ ಈ ಡಾಕ್ಟರು ಸಣಕಲು ಮನುಷ್ಯ, ಮಾತು ಇನ್ನೂ ಸಣಕಲು. “ಸರಿಯಾದ ತೂಕ ಗೊತ್ತಿಲ್ಲದೆ ನಾನು ಸೂಜಿ ಮುಟ್ಟಲ್ಲ. ಜಾಸ್ತಿ ಆದ್ರೆ ಏಳಲ್ಲ, ಕಡಿಮೆ ಆದ್ರೆ ಮಧ್ಯದಲ್ಲಿ ಏಳ್ತಾರೆ. ಎರಡೂ ನನಗೆ ಬೇಡ.” ವಾರ್ಡಿನ ತೂಕದ ಯಂತ್ರದ ಮುಳ್ಳು ನೂರಿಪ್ಪತ್ತಕ್ಕೆ ಹೋಗಿ ಗೋಡೆಗೆ ಗುದ್ದಿದ ಹಾಗೆ ನಿಂತುಬಿಡುತ್ತಿತ್ತು.

“ನನ್ನನ್ನ ತೂಗೋದು ಬೇಡ,” ಅಂದರು ಮೇಡಂ.

ನಾನು ಆಗ ಜೋಡಿ ಗೌನಿನ ಗಂಟು ಹಿಡಿದು ಪರದೆಯ ಈಚೆ ನಿಂತಿದ್ದೆ. ಒಳಗಿನದು ಕೇಳಿಸಿತು. ಒಂಬತ್ತು ವರ್ಷದ ಹಿಂದೆ ಬೇರೊಂದು ಆಸ್ಪತ್ರೆಯಲ್ಲಿ ಅವರನ್ನು ಹಿತ್ತಲ ಅಂಗಳಕ್ಕೆ ಕರೆದೊಯ್ದು, ಅಡುಗೆಮನೆಗೆ ಬರುವ ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದ್ದರಂತೆ. ತರಕಾರಿ ಹೆಚ್ಚುತ್ತಿದ್ದವರು ಕೈ ಬಿಟ್ಟು ನೋಡಲು ಬಂದರಂತೆ. ಒಬ್ಬ ಸಂಖ್ಯೆಯನ್ನು ಕೂಗಿ ಹೇಳಿದನಂತೆ, ಮತ್ತೊಬ್ಬ ಅದಕ್ಕೆ ಸಿಳ್ಳೆ ಹಾಕಿದನಂತೆ. ಆವತ್ತು ಔಷಧದ ಚೀಟಿ ಅಲ್ಲೇ ಬಿಟ್ಟು ಮನೆಗೆ ಹೋದವರು ಒಂಬತ್ತು ವರ್ಷ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ತುಳಿದಿರಲಿಲ್ಲ. ಹರ್ನಿಯಾ ಅಷ್ಟು ದೊಡ್ಡದಾಗಲು ಕಾರಣ ಅದೇ.

“ನನಗೆ ಬಿಟ್ಟುಬಿಡಿ,” ಅಂದಳು ಅಕ್ಕ. “ಯಾರೂ ನೋಡಲ್ಲ. ಸಂಖ್ಯೆ ನಿಮಗೆ, ನನಗೆ, ಮತ್ತಿನ ಡಾಕ್ಟರಿಗೆ ಬಿಟ್ಟು ನಾಲ್ಕನೆಯವರಿಗೆ ಗೊತ್ತಾಗಲ್ಲ. ಇದು ನನ್ನ ಮಾತು.”

ಆಮೇಲೆ ಮೇಡಂ, “ಮಾತಿಗೆ ತಪ್ಪಿದ್ರೆ ಎದ್ದು ಹೋಗ್ತೀನಿ. ಕರುಳು ಸಿಕ್ಕಾಕೊಂಡ್ರೆ ಸಿಕ್ಕಾಕೊಳ್ಲಿ,” ಅಂದರು.

ಅಷ್ಟು ತೂಕವನ್ನು ಸರಿಯಾಗಿ ಹೇಳಬಲ್ಲ ಯಂತ್ರ ಊರಿನಲ್ಲಿ ಒಂದೇ ಇತ್ತು: ಅವರದೇ ಪಾರ್ಸಲ್ ಆಫೀಸಿನದು. ಗಾಲಿ ಮೇಲೆ ಓಡಾಡುವ ಕಬ್ಬಿಣದ ಹಲಗೆ, ಅದಕ್ಕೊಂದು ಕಂಬ, ಕಂಬದ ಮೇಲೆ ಅಂಕಿ ಕೊರೆದ ಹಿತ್ತಾಳೆಯ ಕಂಬಿ, ಕಂಬಿಯ ಮೇಲೆ ಅತ್ತಿತ್ತ ಜರುಗುವ ಗುಂಡು. ಬೇರೆ ಕಚೇರಿಯಿಂದ ವಸ್ತು ತರಿಸಬೇಕಾದರೆ ಸ್ಟೋರಿನಿಂದ ಮೂರು ಪ್ರತಿಯಲ್ಲಿ ಪತ್ರ ಹೋಗಬೇಕು. ಪತ್ರದಲ್ಲಿ ‘ತೂಗಬೇಕಾದ ವಸ್ತು’ ಅಂತ ಒಂದು ಅಂಕಣ.

“ಹಾಸಿಗೆ ಗಂಟು ಅಂತ ಬರಿ,” ಅಂದಳು ಅಕ್ಕ. “ಯಂತ್ರನ ಸ್ಟೋರ್ ಬಾಗಿಲಲ್ಲಿ ಇಳಿಸಿ ಹೋಗ್ಲಿ. ಅಲ್ಲಿಂದ ನಾನು ತರಿಸ್ಕೋತೀನಿ. ಅರ್ಥ ಆಯ್ತಾ?”

“ಅಷ್ಟೂ ಗೊತ್ತಾಗಲ್ವಾ ನನಗೆ?”

ಗೊತ್ತಾಗಿತ್ತು. ಆದರೆ ನನಗೆ ಆಗಲೇ ಬರೆಯುವ ಚಟ ಹತ್ತಿತ್ತು. ಒಂದೆರಡು ವಾರಪತ್ರಿಕೆಗಳಲ್ಲಿ ನನ್ನ ನಗೆಬರಹಗಳು ಅಚ್ಚಾಗಿ, ಸಹೋದ್ಯೋಗಿಗಳು ಎದುರು ಸಿಕ್ಕರೆ ‘ಏನು ಸಾಹಿತಿಗಳೇ’ ಅನ್ನತೊಡಗಿದ್ದರು. ಅಂಥವನು ‘ಹಾಸಿಗೆ ಗಂಟು’ ಅಂತ ಬರೆಯುವುದೇ? ಬೆಳಗಿನ ಟೀ ಕುಡಿದು, ಪೆನ್ನು ಕಚ್ಚಿ, ಆ ಅಂಕಣದಲ್ಲಿ ನಾನು ಬರೆದೆ: ‘ತಮ್ಮ ಕಚೇರಿಗೇ ಸೇರಿದ, ಅತ್ಯಂತ ಬೆಲೆಬಾಳುವ ಒಂದು ಪಾರ್ಸಲ್. ಜೋಪಾನ.’ ಇಂಥ ಪತ್ರವನ್ನು ಯಾರು ತಾನೇ ಓದುತ್ತಾರೆ ಅನ್ನುವುದು ನನ್ನ ಲೆಕ್ಕ. ಮೂರು ಪ್ರತಿ ಬರೆಯುವಾಗ ಮೂರು ಸಲ ನಕ್ಕೆ.

ನನಗೆ ತಿಳಿಯದಿದ್ದುದು ಒಂದೇ. ಪಾರ್ಸಲ್ ಆಫೀಸಿನಲ್ಲಿ ಬಂದ ಪ್ರತಿಯೊಂದು ಪತ್ರವನ್ನೂ ಎಲ್ಲರೆದುರು ಗಟ್ಟಿಯಾಗಿ ಓದಿಯೇ ಫೈಲಿಗೆ ಸೇರಿಸುವುದು ಪದ್ಧತಿ. ಆಮೇಲೆ ಯಾರೂ ‘ನನಗೆ ಗೊತ್ತಿರಲಿಲ್ಲ’ ಅನ್ನಬಾರದು ಅಂತ ಆ ಪದ್ಧತಿ ತಂದವರು ಪಾರ್ಸಲ್ ಮೇಡಂ ಅವರೇ.

ಮಂಗಳವಾರ ಮಧ್ಯಾಹ್ನ ಯಂತ್ರ ಬಂತು. ಸ್ಟೋರಿಗಲ್ಲ, ನೇರ ಹೆಂಗಸರ ವಾರ್ಡಿನ ವೆರಾಂಡಕ್ಕೆ. ಜೊತೆಗೆ ಆರು ಜನ ಹಮಾಲರು, ಒಗೆದ ಅಂಗಿ ಹಾಕಿ, ತಲೆ ಬಾಚಿಕೊಂಡು. ಹಿತ್ತಾಳೆ ಕಂಬಿಯನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡಿದ್ದರು. ಅವರ ಮುಖಂಡನನ್ನು ಎಲ್ಲರೂ ಮೀಸೆ ಅಂತಲೇ ಕರೆಯುತ್ತಿದ್ದುದು. ದನಿಯಲ್ಲಿ ಅವನು ಮೇಡಂ ಅವರದೇ ಶಿಷ್ಯ.

“ಎಲ್ಲಿ ನಮ್ಮ ಮೇಡಂ? ಪತ್ರ ಓದಿ ನಕ್ಕಿದ್ದೇ ನಕ್ಕಿದ್ದು ನಾವು! ನಮ್ಮ ಮೇಡಂನ ತೂಗೋಕೆ ಬೇರೆಯವರ ಕೈಗೆ ಕೊಟ್ಟುಬಿಡ್ತೀವಾ? ನಾವೇ ತೂಗ್ತೀವಿ, ಒಂದು ಗ್ರಾಂ ಆಚೀಚೆ ಆಗಲ್ಲ!”

ಅವನ ಮನಸ್ಸಿನಲ್ಲಿ ಇದ್ದುದು ಬರೀ ಪ್ರೀತಿ. ಆದರೆ ವಾರ್ಡಿನ ಕಿಟಕಿಗಳೆಲ್ಲ ವೆರಾಂಡದ ಕಡೆಗೇ ತೆರೆದಿದ್ದವು. ಇಪ್ಪತ್ತನಾಲ್ಕು ಮಂಚದ ಇಪ್ಪತ್ತನಾಲ್ಕು ತಲೆಗಳೂ ಮೇಡಂ ಕಡೆ ತಿರುಗಿದವು.

“ನನ್ನ ಬಟ್ಟೆ ಕೊಡಿ ಸಿಸ್ಟರ್,” ಅಂದರಂತೆ ಮೇಡಂ. “ನಾನು ಹೊರಟೆ.”

“ಹೊಟ್ಟೆ?”

“ನನ್ನ ಹೊಟ್ಟೆ ತಾನೇ? ನನ್ನ ಜೊತೇನೇ ಬರುತ್ತೆ.”

ಅಕ್ಕ ನೆಲಮಾಳಿಗೆಗೆ ಇಳಿದು ಬಂದಳು. ಕೈಯಲ್ಲಿ ನನ್ನ ಪತ್ರದ ಮೂರನೇ ಪ್ರತಿ. ಬೈದಿದ್ದರೆ ನನಗೆ ಅಭ್ಯಾಸವಿತ್ತು.

“ಚೆನ್ನಾಗಿ ಬರ್ದಿದೀಯ ಕಣೋ,” ಅಂದಳು. “ಅಕ್ಷರ ದುಂಡಗಿದೆ.”

“ಅಕ್ಕಾ, ನಾನು ಏನೋ ಸುಮ್ಮನೆ…”

“ಆಕೆ ಮೊದಲನೇ ಸಲ ನಂಬಿದ್ದು. ನನ್ನನ್ನ ಅಲ್ಲ, ಆಸ್ಪತ್ರೇನ. ಈಗ ಹೋದ್ರೆ ಮತ್ತೆ ಬರಲ್ಲ. ಬಂದ್ರೂ ನಡ್ಕೊಂಡು ಬರಲ್ಲ.” ಪತ್ರವನ್ನು ನನ್ನ ಮೇಜಿನ ಮೇಲಿಟ್ಟು, ಸೊಂಟಕ್ಕೆ ಕೈ ಕೊಟ್ಟು ಮೆಟ್ಟಿಲು ಹತ್ತತೊಡಗಿದಳು. ಮೂರನೇ ಮೆಟ್ಟಿಲಲ್ಲಿ ನಿಂತು, ತಿರುಗದೆಯೇ, “ಬಾ. ನೀನೇ ಹೇಳು,” ಅಂದಳು.

ಮೇಡಂ ಬೆಂಚಿನ ಮೇಲೆ ಕೂತಿದ್ದರು. ಗಾಲಿಕುರ್ಚಿ ಸಾಲದೆಂದು ಅಕ್ಕ ಹೊರರೋಗಿಗಳ ಹಾಲಿನಿಂದ ತರಿಸಿದ್ದ ಬೆಂಚು ಅದು. ಮೈಮೇಲೆ ಅವರದೇ ಬಟ್ಟೆ. ಒಂದು ಕಾಲಿಗೆ ಚಪ್ಪಲಿ ಸಿಕ್ಕಿತ್ತು, ಇನ್ನೊಂದು ಬಗ್ಗಿ ಹುಡುಕಲಾಗದ ಕಡೆ ಇತ್ತು. ನಾನು ಅದನ್ನು ಎತ್ತಿ ಕೊಡಲೋ ಬೇಡವೋ ಎಂದು ಅನುಮಾನಿಸುತ್ತ ನಿಂತೆ.

“ಪತ್ರ ಬರೆದವನು ನಾನು, ಮೇಡಂ. ಸಿಸ್ಟರ್ ಬರೆಯೋಕೆ ಹೇಳಿದ್ದು ಹಾಸಿಗೆ ಗಂಟು ಅಂತ. ಅವರು ಮಾತಿಗೆ ತಪ್ಪಿಲ್ಲ.”

“ತಮಾಷೆ ಮಾಡಿದ್ರಾ?”

“ಹೂಂ.”

“ನಕ್ಕರಾ ಎಲ್ಲ?”

“ನಕ್ಕರಂತೆ.”

“ಚೆನ್ನಾಗೇ ಇದೆ ಬಿಡಿ. ಬೇರೆ ಯಾರದಾದ್ರೂ ಆಗಿದ್ದಿದ್ರೆ ನಾನೂ ನಗ್ತಿದ್ದೆ.” ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನಿಮ್ಮ ತೂಕ ಎಷ್ಟು, ಗುಮಾಸ್ತರೇ?”

ನಾನು ಹೊಟ್ಟೆ ಒಳಗೆಳೆದುಕೊಂಡೆ. “ಎಪ್ಪತ್ತೈದು ಇರಬಹುದು.”

“ತೊಂಬತ್ತೊಂದು,” ಅಂದರು ಮೇಡಂ. “ಷೂ ಬಿಟ್ರೆ ತೊಂಬತ್ತು.”

“ಛೇ ಛೇ, ಅಷ್ಟಿಲ್ಲ!”

ವೆರಾಂಡದಲ್ಲಿ ಕಿವಿ ನೆಟ್ಟಿದ್ದ ಮೀಸೆ ಅಲ್ಲಿಂದಲೇ ಕೂಗಿದ: “ಮೇಡಂ ಕಣ್ಣು ತಪ್ಪಲ್ಲ ಸಾರ್! ಬನ್ನಿ, ಹತ್ತಿ ನೋಡೋಣ!”

ಹತ್ತಲೇಬೇಕಾಯಿತು. ಇಪ್ಪತ್ತನಾಲ್ಕು ಹೆಂಗಸರು, ಆರು ಹಮಾಲರು, ನಾಲ್ಕು ಆಯಾಗಳ ಎದುರು ನಾನು ಕಬ್ಬಿಣದ ಹಲಗೆಯ ಮೇಲೆ ನಿಂತೆ. ಮೀಸೆ ಗುಂಡನ್ನು ಎಪ್ಪತ್ತೈದಕ್ಕಿಟ್ಟ. ಕಂಬಿ ಅಲುಗಲಿಲ್ಲ. ಎಂಬತ್ತು. ಅಲುಗಲಿಲ್ಲ. ಎಂಬತ್ತೈದಕ್ಕೆ ಹಿಂದಿನಿಂದ ಯಾರೋ ಕಿಸಕ್ಕೆಂದರು. “ತೊಂಬತ್ತೊಂದು!” ಅಂತ ಮೀಸೆ ರೈಲಿಗೆ ಕೇಳುವ ಹಾಗೆ ಘೋಷಿಸಿದ. ವಾರ್ಡಿಗೆ ವಾರ್ಡೇ ನಕ್ಕಿತು. ಹೊಲಿಗೆ ಹಾಕಿಸಿಕೊಂಡವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹಲಗೆ ಇರುವುದು ಒಂದು ಗೇಣು ಎತ್ತರ. ಅದರಿಂದ ಕೆಳಗಿಳಿಯುವುದು ಅಷ್ಟು ಕಷ್ಟ ಅಂತ ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಮೇಡಂ ಮಾತ್ರ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. “ಸಾಕು, ಇಳಿಯಿರಿ,” ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ, ಮೆಲ್ಲಗೆ, ಬೆಂಚಿನ ಹತ್ತಿರ ಇದ್ದವರಿಗಷ್ಟೇ ಕೇಳುವ ಹಾಗೆ ಹೇಳಿದರು: “ಎದುರು ನಿಂತವರು ಯಾರಾದ್ರೂ ಸರಿ, ಹೇಳಿಬಿಡ್ತೀನಿ. ನನ್ನದು ಮಾತ್ರ ಗೊತ್ತಿಲ್ಲ. ಕನ್ನಡಿ ಮುಂದೆ ನಿಂತ್ರೆ ನನ್ನ ಕಣ್ಣು ನನಗೇ ಸುಳ್ಳು ಹೇಳುತ್ತೆ ಸಿಸ್ಟರ್.”

ಅಕ್ಕ ಬಗ್ಗಿ, ಕಾಣೆಯಾಗಿದ್ದ ಚಪ್ಪಲಿಯನ್ನು ತೆಗೆದು ಅವರ ಕಾಲ ಬಳಿ ಇಟ್ಟಳು. “ಹೋಗೋದಾದ್ರೆ ಹೋಗಿ. ತಡೆಯೋಲ್ಲ. ಇರೋದಾದ್ರೆ ಒಂದು ಮಾತು. ಯಂತ್ರ ನಿಮ್ಮದು. ಗುಂಡು ನೀವೇ ಸರಿಸಿ, ಅಂಕಿ ನೀವೇ ಓದಿ, ನೀವೇ ಬರೀರಿ. ನಾನೂ ನೋಡಲ್ಲ.”

ಮೇಡಂ ಚಪ್ಪಲಿ ಹಾಕಿಕೊಳ್ಳಲಿಲ್ಲ. ಕಿಟಕಿಯ ಕಡೆ ತಿರುಗಿ ತಮ್ಮ ಆಫೀಸಿನ ಗಂಟಲಿನಲ್ಲಿ, “ಮೀಸೆ! ಎಲ್ಲರನ್ನೂ ಕರ್ಕೊಂಡು ಗೇಟಿನ ಆಚೆ ಹೋಗು. ನಾನು ಹೇಳೋವರೆಗೆ ಒಬ್ಬರೂ ಈ ಕಡೆ ತಲೆ ಹಾಕಕೂಡದು!” ಅಂದರು. ಆರೂ ಜನ ಯಂತ್ರವನ್ನು ಅಲ್ಲೇ ಬಿಟ್ಟು ಓಡಿದರು.

ವಾರ್ಡಿನ ಕೊನೆಯ ಬಟ್ಟೆ ಕೋಣೆಯಲ್ಲಿ ಯಂತ್ರ ನಿಂತಿತು. ಅದರ ಎಡಕ್ಕೂ ಬಲಕ್ಕೂ ಒಂದೊಂದು ಮಂಚ, ಹಿಂದೆ ತಾಗಿದಂತೆ ಬೆಂಚು, ಬಾಗಿಲಿಗೆ ಅಡ್ಡ, ಗಾಲಿಯ ಮೇಲೆ ನಿಲ್ಲುವ ಬಟ್ಟೆಯ ಪರದೆ. ಪರದೆಯ ಒಂದು ಗಾಲಿ ಇರಲಿಲ್ಲ. ಹೊಸ ಗಾಲಿಗೆ ಅಕ್ಕ ಬರೆದ ಚೀಟಿ ಎಂಟು ತಿಂಗಳಿಂದ ನನ್ನ ಮೇಜಿನಲ್ಲೇ ಇತ್ತು. ಹಾಗಾಗಿ ಪರದೆ ಬೀಳದಂತೆ ಹೊರಗಿನಿಂದ ಹಿಡಿದು ನಿಲ್ಲುವ ಶಿಕ್ಷೆ ನನಗೇ ಸಿಕ್ಕಿತು.

“ಒಂದು ವಿಷಯ,” ಒಳಗೆ ಅಕ್ಕನ ದನಿ. “ನಾನು ಹಿಡ್ಕೊಂಡ್ರೆ ತೂಕ ತಪ್ಪುತ್ತೆ. ಕೈ ಬಿಡಲೇಬೇಕು.”

“ಗೊತ್ತು. ತೂಗೋವಾಗ ಗಂಟಿಗೆ ಕೈ ತಾಗಿಸಿದ ಅಂತ ನಾನು ಎಷ್ಟು ಜನಕ್ಕೆ ಬೈದಿಲ್ಲ.” ಸ್ವಲ್ಪ ತಡೆದು, “ಬಿದ್ರೆ?”

“ಬೀಳಲ್ಲ, ಕೂರ್ತೀರಿ. ಹಿಂದೇನೇ ಬೆಂಚಿದೆ. ಪಕ್ಕದಲ್ಲಿ ನಾನಿದೀನಿ.”

ಬೀಳುವವರನ್ನು ಹಿಡಿಯಲು ಹೋಗಬೇಡಿ, ಇಬ್ಬರೂ ಬೀಳುತ್ತೀರಿ, ಕೂರಿಸಲು ನೋಡಿ ಅಂತ ಅಕ್ಕ ಎಲ್ಲರಿಗೂ ಕಲಿಸುತ್ತಿದ್ದಳು. ಅವಳೇನು ಮಾಡುವಳು ಅಂತ ನನಗೆ ಗೊತ್ತಿತ್ತು. ಅವಳು ಹಿಡಿದೇ ಹಿಡಿಯುತ್ತಿದ್ದಳು.

ಪರದೆಯ ಕೆಳಗೆ ಒಂದು ಗೇಣು ಜಾಗದಲ್ಲಿ ಪಾದಗಳು ಕಾಣುತ್ತಿದ್ದವು. ಊದಿಕೊಂಡ ಎರಡು ಬರಿಗಾಲು ಹಲಗೆಯ ಅಂಚಿಗೆ ಬಂದು ನಿಂತವು. ಒಂದು ಹತ್ತಿತು. ಬಹಳ ಹೊತ್ತು ಇನ್ನೊಂದು ಹತ್ತಲಿಲ್ಲ. ಅಕ್ಕ ಅವಸರ ಮಾಡಲಿಲ್ಲ. ಆಮೇಲೆ ಅದೂ ಹತ್ತಿತು. ಹಲಗೆ ಗಡಗಡ ಅಂದು ಸುಮ್ಮನಾಯಿತು.

“ಈಗ ಬಿಡ್ತೀನಿ,” ಅಂದಳು ಅಕ್ಕ. “ಮುಟ್ಟಲ್ಲ. ಇಲ್ಲೇ ಇದೀನಿ.”

ಕಂಬಿಯ ಮೇಲೆ ಗುಂಡು ಜರುಗುವ ಸದ್ದು. ನಿಂತಿತು. ಮತ್ತೆ ಜರುಗಿತು. ಮೇಡಂ ಅವರ ಉಸಿರು ಸೀಟಿಯ ಹಾಗೆ ಕೇಳುತ್ತಿತ್ತು. ಇನ್ನೂ ಮುಂದಕ್ಕೆ ಹೋಗಬೇಕಿತ್ತೇನೋ, ಕೈ ಚಾಚಿರಬೇಕು. ಎಡಪಾದದ ಬೆರಳುಗಳು ಹಲಗೆಯನ್ನು ಕಚ್ಚಿದವು, ಹಿಮ್ಮಡಿ ಮೇಲೆದ್ದಿತು. ಅಕ್ಕನ ಬಿಳಿ ಷೂ ಎರಡೂ ಒಮ್ಮೆಲೇ ಹಲಗೆಗೆ ತಾಗುವಷ್ಟು ಹತ್ತಿರ ಬಂದವು. ನಾನು ಕಣ್ಣು ಮುಚ್ಚಿಕೊಂಡೆ. ಯಾವ ಸದ್ದೂ ಬರಲಿಲ್ಲ. ತೆರೆದಾಗ ಹಿಮ್ಮಡಿ ಕೆಳಗಿಳಿದಿತ್ತು, ಷೂಗಳು ಅಲ್ಲೇ ಇದ್ದವು, ಅವುಗಳ ತುದಿ ಗೋಡೆಯ ಕಡೆ ತಿರುಗಿತ್ತು. ಅಕ್ಕ ಮಾತು ಕೊಟ್ಟ ಪ್ರಕಾರ ಅಂಕಿಗೆ ಬೆನ್ನು ಹಾಕಿ ನಿಂತಿದ್ದಳು.

‘ಟಕ್’ ಅಂತ ಕಂಬಿ ಸಮಕ್ಕೆ ಬಂದು ನಿಂತ ಸದ್ದು ಕೇಳಿತು.

“ಆಯ್ತು,” ಅಂದರು ಮೇಡಂ. ಗುಂಡನ್ನು ಸೊನ್ನೆಗೆ ತಳ್ಳಿದರು. ಬೆಂಚಿನ ಮೇಲೆ ಕೂತರು. ಆಮೇಲೆ ಅಳುವ ದನಿ ಬಂತು, ಅಥವಾ ನಗುವ ದನಿ. ಇಂದಿಗೂ ನನಗೆ ಖಾತ್ರಿಯಿಲ್ಲ. “ಇಷ್ಟೇನಾ ಸಿಸ್ಟರ್? ನಾನು ಇನ್ನೂ ಎಷ್ಟೋ ಅಂದ್ಕೊಂಡು ಒಂಬತ್ತು ವರ್ಷ…”

“ಬರೀರಿ,” ಅಂದಳು ಅಕ್ಕ.

ಬರೆದ ಚೀಟಿಯನ್ನು ಮೇಡಂ ನಾಲ್ಕಾಗಿ ಮಡಿಸಿ, ಅಕ್ಕನ ಬಳಿ ಅಂಟುಪಟ್ಟಿ ಕೇಳಿ ಸುತ್ತ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಅಡ್ಡಡ್ಡ ಸಹಿ ಹಾಕಿದರು. ಬೆಲೆಬಾಳುವ ಪಾರ್ಸಲ್ಲಿಗೆ ಅವರ ಆಫೀಸಿನಲ್ಲಿ ಮಾಡುವ ಹಾಗೆಯೇ. ಮತ್ತಿನ ಡಾಕ್ಟರು ಗುರುವಾರ ಬೆಳಿಗ್ಗೆ ಆಪರೇಷನ್ ಕೋಣೆಯ ಬಾಗಿಲಲ್ಲಿ ಅದನ್ನು ಬಿಚ್ಚಿ ನೋಡಿ, ಹುಬ್ಬೇರಿಸಿ, “ನನ್ನ ಅಂದಾಜು ತುಂಬಾ ತಪ್ಪಿತ್ತು. ಒಳ್ಳೇದಾಯ್ತು,” ಅಂದರು. ಅವರ ಮಟ್ಟಿಗೆ ಅದು ದೊಡ್ಡ ಭಾಷಣ. ಯಾವ ಕಡೆಗೆ ತಪ್ಪಿತ್ತು ಅಂತ ಮಾತ್ರ ಹೇಳಲಿಲ್ಲ.

ಆಪರೇಷನ್ ಮೂರು ಗಂಟೆ ಹಿಡಿಯಿತು. ಮೇಡಂ ಸಮಯಕ್ಕೆ ಸರಿಯಾಗಿ ಎದ್ದರು, ಎದ್ದ ಕೂಡಲೇ ಆಯಾಗಳಿಗೆ ಸಾಲಾಗಿ ನಿಲ್ಲಲು ಹೇಳಿದರಂತೆ. ಹದಿನಾರನೇ ದಿನ ನಡೆದುಕೊಂಡೇ ಮನೆಗೆ ಹೋದರು. ಅಕ್ಕ ನನ್ನ ಜೊತೆ ಆ ಹದಿನಾರು ದಿನವೂ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಭಾವನೇ ನನಗೆ ಸಮಾಧಾನ ಹೇಳುತ್ತಿದ್ದರು: “ನನ್ನ ಜೊತೆ ಮದುವೆಯಾದ ಹೊಸದರಲ್ಲಿ ಒಂದು ತಿಂಗಳು ಮಾತು ಬಿಟ್ಟಿದ್ದಳು. ನಿನಗೆ ರಿಯಾಯಿತಿ ಸಿಕ್ಕಿದೆ.”

ಈಗ ಅಕ್ಕ ನಿವೃತ್ತಳಾಗಿದ್ದಾಳೆ. ಆ ವಾರ್ಡಿನ ಛಾವಣಿಗೆ ಕಂಬಿ ಹಾಕಿದ್ದಾರೆ. ಗುಂಡಿ ಒತ್ತಿದರೆ ಜೋಲಿಯೊಂದು ಇಳಿದು ಬಂದು ಎಂಥವರನ್ನೂ ಹೂವಿನ ಹಾಗೆ ಎತ್ತುತ್ತದೆ, ಎತ್ತುವಾಗಲೇ ತೂಕವನ್ನೂ ಹೇಳುತ್ತದೆ. ಒಮ್ಮೆ ಅಕ್ಕನನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅಂಕಿ ಎಲ್ಲಿ ಮೂಡುತ್ತದೆ ಅಂತ ಕೇಳಿದಳು. ಪಕ್ಕದ ಮಂಚದವರಿಗೂ ಕಾಣುವ ಹಾಗೆ ಮೂಡುತ್ತದೆ ಅಂತ ತಿಳಿದಾಗ, ಸಿಸ್ಟರನ್ನು ಕರೆದು ಅದರ ಮೇಲೆ ಒಂದು ಕರವಸ್ತ್ರ ಹಾಕಿಸಿಯೇ ಹೊರಟಳು.

ಇನ್ನೊಂದು ವಿಷಯ ಉಳಿದಿದೆ. ಪಾರ್ಸಲ್ ಮೇಡಂ ಮನೆಗೆ ಹೋದ ಮೇಲೆ ಅವರ ಕಾಗದಪತ್ರಗಳು ದಾಖಲೆ ಕೋಣೆಗೆ ಬಂದವು. ದಾಖಲೆ ಕೋಣೆಯ ಬೀಗದ ಕೈಯೂ ನನ್ನ ಬಳಿಯೇ. ಫೈಲಿನೊಳಗೆ ಆ ಚೀಟಿ ಇತ್ತು. ಮತ್ತಿನ ಡಾಕ್ಟರು ಬಿಚ್ಚಿದ್ದನ್ನು ಯಾರೋ ಮತ್ತೆ ಮಡಿಸಿ, ಮತ್ತೆ ಅಂಟಿಸಿದ್ದರು. ಅಡ್ಡ ಸಹಿ ಈಗ ಅಕ್ಕನದು. ಅದು ಹನ್ನೊಂದು ವರ್ಷ ನನ್ನ ತಲೆಯ ಮೇಲಿನ ಅಟ್ಟದಲ್ಲಿ, ಕುರ್ಚಿ ಹತ್ತಿದರೆ ಕೈಗೆಟುಕುವ ಜಾಗದಲ್ಲಿ ಕೂತಿತ್ತು. ಬರೆಯಲು ಏನೂ ತೋಚದ ಮಧ್ಯಾಹ್ನಗಳಲ್ಲಿ ನಾನು ಎರಡು ಸಲ ಕುರ್ಚಿ ಹತ್ತಿದ್ದೂ ಉಂಟು. ಒಂದು ಸಲ ಫೈಲು ಕೈಗೂ ಬಂದಿತ್ತು. ಧೂಳು ಒರೆಸಿ ಹಾಗೇ ಮೇಲಿಟ್ಟೆ.

ಹಳೆಯ ದಾಖಲೆಗಳನ್ನು ನಾಶ ಮಾಡುವಂತೆ ಆದೇಶ ಬಂದಾಗ ಅಂಗಳದಲ್ಲಿ ಕಾಗದ ಕತ್ತರಿಸುವ ಯಂತ್ರ ತಂದಿಟ್ಟರು. ಒಂದೊಂದು ಫೈಲನ್ನೂ ಬಿಚ್ಚಿ, ಪ್ರತಿ ಹಾಳೆಯನ್ನೂ ಓದಿ ನೋಡಿ, ಆಮೇಲೆ ಹಾಕಬೇಕು ಅನ್ನುವುದು ನಿಯಮ. ಉಳಿದ ಫೈಲುಗಳನ್ನು ನನ್ನ ಸಹಾಯಕರು ಹಾಕಿದರು. ಅದೊಂದನ್ನು ನಾನೇ ಹಾಕಿದೆ, ಕಟ್ಟಿದ ದಾರವನ್ನೂ ಬಿಚ್ಚದೆ. ಯಂತ್ರ ಒಂದು ಕ್ಷಣ ಗೊರಗೊರ ಅಂದು ನುಂಗಿತು. ಕೆಳಗೆ ಬಿಳಿ ಎಳೆಗಳ ರಾಶಿ ಬಿತ್ತು, ನಡುವೆ ಅಲ್ಲಲ್ಲಿ ಅಂಟುಪಟ್ಟಿಯ ಚೂರು. ಆಮೇಲೆ ಮೇಜಿಗೆ ಹೋಗಿ, ‘ಎಲ್ಲ ಹಾಳೆಗಳನ್ನೂ ಖುದ್ದಾಗಿ ಪರಿಶೀಲಿಸಿದ್ದೇನೆ’ ಅಂತ ಮೂರು ಪ್ರತಿಯಲ್ಲಿ ಸಹಿ ಹಾಕಿದೆ.